ಅಕ್ಕಿ, ಎತ್ತು, ಹೊಳೆ: 1799ರ ಶ್ರೀರಂಗಪಟ್ಟಣದ ಮುತ್ತಿಗೆ

ಶ್ರೀರಂಗಪಟ್ಟಣದ ಕೋಟೆ ಗೆಲ್ಲಬೇಕೆಂದು ಬಂದವರೆಲ್ಲ ಮೊದಲು ಕಾವೇರಿಯನ್ನು ಗೆಲ್ಲಬೇಕಿತ್ತು. ಊರಿನ ಪಶ್ಚಿಮಕ್ಕೆ ಹೊಳೆ ಎರಡಾಗಿ ಕವಲೊಡೆಯುತ್ತದೆ. ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ನಡುಗಡ್ಡೆಯನ್ನು ಬಳಸಿ ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ನಡುಗಡ್ಡೆಯ ಪಶ್ಚಿಮದ ತುದಿಯಲ್ಲಿ ಕೋಟೆ. ಪೂರ್ವಕ್ಕೆ ಗಂಜಾಂ ಪೇಟೆ, ಅದರಾಚೆ ಲಾಲ್‌ಬಾಗ್ ತೋಟ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳು ಮೇಲೆದ್ದು, ಕಾಲುನಡಿಗೆಯಲ್ಲೇ ದಾಟುವಷ್ಟು ನೀರು ಇಳಿಯುತ್ತಿತ್ತು. ಕೊಡಗಿನಲ್ಲಿ ಮುಂಗಾರು ಹಿಡಿಯಿತೆಂದರೆ ಜೂನ್ ಹೊತ್ತಿಗೆ ಅದೇ ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಆದ್ದರಿಂದ ಮುತ್ತಿಗೆ ಹಾಕುವ ದಂಡಿಗೆ ವರ್ಷದಲ್ಲಿ ಕೆಲವು ತಿಂಗಳಷ್ಟೇ ಅವಕಾಶ. ಆ ತಿಂಗಳುಗಳಲ್ಲಿ ಹೊಲದಲ್ಲಿ ಮೇವಿಲ್ಲ, ಕೆರೆಗಳಲ್ಲಿ ನೀರು ಕಡಿಮೆ. 1799ರ ಏಪ್ರಿಲ್ 5ರಿಂದ ಮೇ 4ರವರೆಗೆ ನಡೆದ ಮುತ್ತಿಗೆಯನ್ನು ಈ ಲೆಕ್ಕದಿಂದ ನೋಡಿದಾಗ ಮಾತ್ರ ಅದರ ಗತಿ ಸರಿಯಾಗಿ ತಿಳಿಯುತ್ತದೆ. ಫಿರಂಗಿಗಳ ಪಾತ್ರ ದೊಡ್ಡದೇ. ಆದರೆ ಮುತ್ತಿಗೆಯ ವೇಗವನ್ನು ಗೊತ್ತುಮಾಡಿದ್ದು ಅಕ್ಕಿಯ ಮೂಟೆ, ಹೇರಿನ ಎತ್ತು ಮತ್ತು ಹೊಳೆಯ ನೀರು.

ಕೋಟೆಯ ಹುಟ್ಟನ್ನು 1454ಕ್ಕೆ, ವಿಜಯನಗರದ ಕಾಲದ ನಾಗಮಂಗಲದ ತಿಮ್ಮಣ್ಣನಿಗೆ ಸಲ್ಲಿಸುವುದು ವಾಡಿಕೆ. 1610ರಲ್ಲಿ ಅದು ರಾಜ ಒಡೆಯರ ಕೈಗೆ ಬಂದು ಮೈಸೂರು ರಾಜ್ಯದ ರಾಜಧಾನಿಯಾಯಿತು. ಆಮೇಲಿನ ಎರಡು ಶತಮಾನಗಳಲ್ಲಿ ಮುತ್ತಿಗೆ ಈ ಊರಿಗೆ ಹೊಸದೇನಾಗಿರಲಿಲ್ಲ. ಬಿಜಾಪುರದ ರಣದುಲ್ಲಾಖಾನನ ದಂಡನ್ನು ಕಂಠೀರವ ನರಸರಾಜ ಹಿಮ್ಮೆಟ್ಟಿಸಿದ. 1757ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಬಂದಾಗ 32 ಲಕ್ಷ ರೂಪಾಯಿಯ ಮಾತು ಕೊಟ್ಟು ಅವನನ್ನು ಸಾಗಹಾಕಬೇಕಾಯಿತು. 1771ರಲ್ಲಿ ಚಿನಕುರಳಿಯ ಬಳಿ ಮರಾಠರಿಂದ ಪೂರಾ ಸೋತ ಹೈದರಾಲಿ ಕೋಟೆಯೊಳಗೆ ಸೇರಿಕೊಂಡು ಜೀವ ಉಳಿಸಿಕೊಂಡ. ಮರಾಠ ಸರದಾರ ತ್ರಿಂಬಕರಾಯ ತಿಂಗಳೊಪ್ಪತ್ತು ಹೊರಗೆ ಕೂತು, ಗೋಡೆಗೆ ಏನೂ ಮಾಡಲಾಗದೆ ಎದ್ದುಹೋದ. ಬಯಲಿನಲ್ಲಿ ಸೋತರೂ ಕೋಟೆಯಲ್ಲಿ ಉಳಿಯಬಹುದು ಎಂಬ ಧೈರ್ಯ ತಂದೆಯಿಂದ ಮಗ ಟಿಪ್ಪುವಿಗೆ ಬಂದದ್ದು ಹೀಗೆ.

ಯುರೋಪಿನಲ್ಲಿ ಅಷ್ಟರೊಳಗೆ ಮುತ್ತಿಗೆಯೇ ಒಂದು ಶಾಸ್ತ್ರವಾಗಿ ಬೆಳೆದಿತ್ತು. ಫ್ಲಾಂಡರ್ಸ್‌ನ ಓಸ್ಟೆಂಡ್ ಪಟ್ಟಣ 1601ರಿಂದ 1604ರವರೆಗೆ, ಮೂರು ವರ್ಷಕ್ಕೂ ಹೆಚ್ಚು, ಸ್ಪೇನಿನ ಸೈನ್ಯವನ್ನು ತಡೆದು ನಿಂತಿತು. ಕ್ರೀಟ್ ದ್ವೀಪದ ಕ್ಯಾಂಡಿಯಾವನ್ನು ತುರ್ಕರು ಹಿಡಿಯಲು 1648ರಿಂದ 1669ರವರೆಗೆ 21 ವರ್ಷ ಬೇಕಾಯಿತು. ಇಂಥ ಅನುಭವಗಳೆಲ್ಲ ಸೇರಿ ಫ್ರಾನ್ಸಿನ ವೋಬಾನ್ ಎಂಬ ಎಂಜಿನಿಯರನ ಕೈಯಲ್ಲಿ ಕ್ರಮವಾದ ವಿಧಾನವಾದವು. ಗೋಡೆಗೆ ಸಮಾನಾಂತರವಾಗಿ ಒಂದು ಕಂದಕ ತೋಡುವುದು, ಅದರಿಂದ ಅಂಕುಡೊಂಕಾಗಿ ಮುಂದೆ ಸಾಗಿ ಇನ್ನೊಂದು ತೋಡುವುದು, ಕೊನೆಗೆ ಹತ್ತಿರದಿಂದ ಭಾರಿ ಫಿರಂಗಿಗಳನ್ನು ಹೂಡಿ ಗೋಡೆಯ ಒಂದೇ ಜಾಗಕ್ಕೆ ಹೊಡೆಯುವುದು. 1673ರಲ್ಲಿ ಮಾಸ್ಟ್ರಿಕ್ಟ್ ಪಟ್ಟಣದ ಮುಂದೆ ಅವನು ಇದನ್ನು ಮಾಡಿ ತೋರಿಸಿದ. ಒಳ್ಳೆಯ ಕೋಟೆಯೂ 48 ದಿನದಲ್ಲಿ ಬೀಳಬೇಕೆಂದು ಅವನು ಲೆಕ್ಕವನ್ನೂ ಹಾಕಿಟ್ಟಿದ್ದ.

ಮೈಸೂರಿನವರಿಗೆ ಈ ವಿದ್ಯೆ ಅಪರಿಚಿತವಾಗಿರಲಿಲ್ಲ. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯೂ ಫ್ರೆಂಚರಿದ್ದರು. 1783ರ ಮೇ ತಿಂಗಳಿನಿಂದ 1784ರ ಜನವರಿ 30ರವರೆಗೆ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿ, ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಇಂಗ್ಲಿಷ್ ಪಡೆಯನ್ನು ಹಸಿವಿನಿಂದಲೇ ಮಣಿಸಿದ. 1790–91ರಲ್ಲಿ ಧಾರವಾಡದ ಕೋಟೆಯೊಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಮರಾಠರನ್ನೂ ಅವರ ಜೊತೆಗಿದ್ದ ಇಂಗ್ಲಿಷರನ್ನೂ ಆರು ತಿಂಗಳಿಗೂ ಹೆಚ್ಚು ಕಾಲ ಹೊರಗೇ ನಿಲ್ಲಿಸಿದ. ಮುತ್ತುವುದೂ ಮುತ್ತಿಸಿಕೊಳ್ಳುವುದೂ ಮೈಸೂರು ಸೈನ್ಯಕ್ಕೆ ಚೆನ್ನಾಗಿ ಗೊತ್ತಿತ್ತು.

1799ರ ಮುತ್ತಿಗೆಗೆ ನಿಜವಾದ ಪೀಠಿಕೆ ಎಂಟು ವರ್ಷ ಹಿಂದಿನ ಒಂದು ಸೋಲು. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಗೆ ಬಂದಿಳಿದ. ಅಲ್ಲಿ ಹೊಳೆ ದಾಟಲಾಗಲಿಲ್ಲ. ಮೇ 15ರಂದು ಕರಿಘಟ್ಟದ ಬಳಿ ಕಾದಾಡಿ ಮೇಲುಗೈ ಪಡೆದರೂ ಪ್ರಯೋಜನವಾಗಲಿಲ್ಲ. ಸುತ್ತಲಿನ ಸೀಮೆಯಲ್ಲಿ ಟಿಪ್ಪು ಕಾಳು ಮೇವು ಏನನ್ನೂ ಉಳಿಸಿರಲಿಲ್ಲ. ಕಣ್ಣಂಬಾಡಿಯವರೆಗೆ ಹೋಗುವಷ್ಟರಲ್ಲಿ ಎತ್ತುಗಳು ಸಾಲುಸಾಲಾಗಿ ಸತ್ತವು, ಮಳೆ ಶುರುವಾಯಿತು. ಎಳೆಯಲು ಎತ್ತಿಲ್ಲದ ಕೋಟೆ ಒಡೆಯುವ ಫಿರಂಗಿಗಳನ್ನು ತನ್ನ ಕೈಯಾರೆ ಹಾಳುಮಾಡಿಸಿ ಕಾರ್ನ್‌ವಾಲಿಸ್ ಹಿಂದಿರುಗಿದ. ಮರುವರ್ಷ ಬೇಸಿಗೆಗೆ ಮುಂಚೆಯೇ, ಫೆಬ್ರವರಿಯಲ್ಲಿ, ಮರಾಠರನ್ನೂ ನಿಜಾಮನನ್ನೂ ಕೂಡಿಕೊಂಡು ಬಂದು ಫೆಬ್ರವರಿ 6ರ ರಾತ್ರಿ ನಡುಗಡ್ಡೆಗೆ ನುಗ್ಗಿದ. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆಮೇಲಿನ ಏಳು ವರ್ಷ ಅವನು ಕೋಟೆಯನ್ನು ಬಲಪಡಿಸುತ್ತಲೇ ಇದ್ದ. ಹೊರಗೋಡೆಯ ಒಳಗೆ ಇನ್ನೊಂದು ಗೋಡೆ, ಎರಡರ ನಡುವೆ ಆಳವಾದ ಕಂದಕ, ಎತ್ತರದ ಕೊತ್ತಲಗಳು ಎದ್ದವು. ಆ ಕೆಲಸ 1799ರಲ್ಲೂ ಪೂರ್ತಿ ಮುಗಿದಿರಲಿಲ್ಲ.

ಹೊಸ ಗವರ್ನರ್ ಜನರಲ್ ಮಾರ್ನಿಂಗ್‌ಟನ್ ಯುದ್ಧಕ್ಕೆ ಕೊಟ್ಟ ಕಾರಣ ಮಾರಿಷಸ್ಸಿನ ಫ್ರೆಂಚರೊಂದಿಗೆ ಟಿಪ್ಪು ನಡೆಸಿದ ಸಂಧಾನ. 1798ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಅದನ್ನು ಬಹಿರಂಗವಾಗಿ ಸಾರಿಬಿಟ್ಟಿದ್ದ. ಬಂದದ್ದು ನೂರು ಜನರಷ್ಟು ಫ್ರೆಂಚರು. ಬೆದರಿಕೆಯ ನೆಪಕ್ಕೆ ಅಷ್ಟೇ ಸಾಕಾಯಿತು. 1799ರ ಫೆಬ್ರವರಿ 11ರಂದು ಜನರಲ್ ಹ್ಯಾರಿಸ್ ವೆಲ್ಲೂರಿನಿಂದ 20,000ಕ್ಕೂ ಹೆಚ್ಚು ಸೈನಿಕರೊಂದಿಗೆ ಹೊರಟ. ನಿಜಾಮನ ಪಡೆ ದಾರಿಯಲ್ಲಿ ಸೇರಿತು. ಅದರ ಜೊತೆಗೆ ನಿಂತವನು ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ. ಪಶ್ಚಿಮದಿಂದ, ಕಣ್ಣೂರಿನ ಕಡೆಯಿಂದ, ಜನರಲ್ ಸ್ಟುವರ್ಟ್‌ನ ಬೊಂಬಾಯಿ ಸೈನ್ಯ ಕೊಡಗಿನ ಮೂಲಕ ಬಂತು. ಟಿಪ್ಪು ಮೊದಲು ಅತ್ತ ಧಾವಿಸಿ ಮಾರ್ಚ್ 6ರಂದು ಪಿರಿಯಾಪಟ್ಟಣದಾಚೆಯ ಸಿದ್ದೇಶ್ವರದ ಬಳಿ ಅದರ ಮುಂಪಡೆಯ ಮೇಲೆ ಬಿದ್ದ. ಅಲ್ಲಿ ಗೆಲುವು ಸಿಗದೆ ಪೂರ್ವಕ್ಕೆ ತಿರುಗಿದ.

ಹ್ಯಾರಿಸ್‌ನ ದಂಡು ದಂಡಿಗಿಂತ ಹೆಚ್ಚಾಗಿ ಚಲಿಸುವ ಒಂದು ಪೇಟೆಯಂತಿತ್ತು. ಹೇರೆತ್ತುಗಳೇ ಹತ್ತಾರು ಸಾವಿರ. ಅವುಗಳಲ್ಲಿ ಬಹುಪಾಲು ಅಕ್ಕಿಯ ಹೇರು ಸಾಗಿಸುವ ಬಂಜಾರರದು, ನಮ್ಮ ಕಡೆ ಲಂಬಾಣಿಗಳೆನ್ನುವವರದು. ಆ ಕಾಲದ ದಖ್ಖನಿನಲ್ಲಿ ಯಾವ ದೊಡ್ಡ ಸೈನ್ಯವೂ ಲಂಬಾಣಿಗಳಿಲ್ಲದೆ ಹದಿನೈದು ದಿನ ನಡೆಯುತ್ತಿರಲಿಲ್ಲ. ಯುದ್ಧದ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ ಎಂಬುದು ನ್ಯಾಯವಲ್ಲ. ಸೈನಿಕರು, ಅವರ ಹಿಂದೆ ಬರುವ ಕೂಲಿಗಳು, ವ್ಯಾಪಾರಿಗಳು, ಹೆಂಗಸರು ಮಕ್ಕಳು ಸೇರಿದ ಈ ಜನಸಮೂಹ ಮೈಲಿಗಟ್ಟಲೆ ಹರಡಿಕೊಂಡು, ದಿನಕ್ಕೆ ಕೆಲವೇ ಮೈಲಿ ಸಾಗುತ್ತಿತ್ತು. ಎತ್ತುಗಳು ಗಡಿ ದಾಟುವ ಮುಂಚೆಯೇ ಬೀಳತೊಡಗಿದ್ದವು. ಬಿದ್ದ ಎತ್ತಿನ ಜೊತೆಗೆ ಅದರ ಬೆನ್ನಿನ ಗುಂಡು ಮದ್ದುಗಳೂ ದಾರಿಯಲ್ಲೇ ಉಳಿದವು.

ಕಗ್ಗಲೀಪುರ, ಕನಕಪುರಗಳ ಮೇಲೆ ಬಂದ ಈ ದಂಡಿಗೆ ಎದುರಾದ ಮೊದಲ ನೈಜ ತಡೆ ಮದ್ದೂರು ಹೊಳೆ, ಅಂದರೆ ಶಿಂಷಾ. ಎತ್ತರದ ದಡ, ಸುತ್ತ ಕಾಡು; ಸುಸ್ತಾದ ದಂಡನ್ನು ತಡೆಯಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಟಿಪ್ಪು ಮದ್ದೂರಿನ ಬಳಿಯೇ ಇದ್ದರೂ ಅಲ್ಲಿ ಕಾದಾಡದೆ ಮಳವಳ್ಳಿಗೆ ಸರಿದ. ಇಡೀ ಯುದ್ಧದಲ್ಲಿ ಅವನಿಂದ ಆದ ಅತಿ ದೊಡ್ಡ ತಪ್ಪು ಇದೇ ಎನ್ನಬಹುದು. ಮಳವಳ್ಳಿ ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದ ಸೀಮೆ, ಹೈದರ್ ಮಗನಿಗೆ ಜಹಗೀರಾಗಿ ಬಿಟ್ಟಿದ್ದ ಊರು. ಮಾರ್ಚ್ 27ರಂದು ಇಂಗ್ಲಿಷರು ಊರ ಹತ್ತಿರ ಬೀಡುಬಿಡಲು ಬರುತ್ತಿದ್ದಂತೆ ಪಶ್ಚಿಮದ ದಿಣ್ಣೆಗಳ ಮೇಲಿಂದ ಮೈಸೂರಿನ ಫಿರಂಗಿಗಳು ಮೊಳಗಿದವು. ಮೈಸೂರಿನ ಕುದುರೆ ಪಡೆಯ ಒಂದು ತಂಡ ಇಂಗ್ಲಿಷ್ ದಳಪತಿ ಬೇರ್ಡ್‌ನ ದಳದ ಮೇಲೆ ನೇರವಾಗಿ ನುಗ್ಗಿ, ಬಂದೂಕಿನ ಸಾಲಿಗೆ ಎದೆಕೊಟ್ಟು ಬಿತ್ತು. ಕಾಲಾಳುಗಳ ದೊಡ್ಡ ತಂಡ ವೆಲ್ಲೆಸ್ಲಿಯ 33ನೇ ರೆಜಿಮೆಂಟಿನ ಎದುರು ಧೈರ್ಯವಾಗಿ ಬಂದು, ಬಾಗಿ, ಕೊನೆಗೆ ಇಂಗ್ಲಿಷ್ ಕುದುರೆ ಪಡೆಯ ನಾಯಕ ಫ್ಲಾಯ್ಡ್‌ನ ಕುದುರೆಗಳ ಕಾಲಿಗೆ ಸಿಕ್ಕಿತು. ಟಿಪ್ಪು ಫಿರಂಗಿಗಳನ್ನು ಉಳಿಸಿಕೊಂಡು ಹಿಂದೆ ಸರಿದ. ಅವನ ಕಡೆ ಬಿದ್ದವರು ಸಾವಿರದ ಮೇಲೆ, ಇಂಗ್ಲಿಷರ ಕಡೆ ನೂರರೊಳಗೆ.

ಮಳವಳ್ಳಿಯಿಂದ ಪಟ್ಟಣಕ್ಕೆ ನೇರ ದಾರಿ ಕಿರುಗಾವಲಿನ ಸೀಮೆಯ ಮೇಲೆ ಅರಕೆರೆಯ ಕಡೆಗೆ ಹೋಗುತ್ತದೆ. 1791ರಲ್ಲಿ ಕಾರ್ನ್‌ವಾಲಿಸ್ ಅರಕೆರೆಯನ್ನೇ ನೆಚ್ಚಿ ಕೆಟ್ಟಿದ್ದ. ಹ್ಯಾರಿಸ್ ಕೂಡ ಅದೇ ದಾರಿ ಹಿಡಿಯುತ್ತಾನೆಂದು ಟಿಪ್ಪು ನಂಬಿ, ಆ ಉದ್ದಕ್ಕೂ ಮೇವನ್ನು ಸುಡಿಸಿದ್ದ. ಸೈನ್ಯ ನಡೆದ ದಾರಿಯ ಹಳ್ಳಿಗಳಿಗೆ ಶತ್ರು ಯಾರು, ಒಡೆಯ ಯಾರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಒಬ್ಬರು ಬಣವೆಗೆ ಬೆಂಕಿ ಇಡುತ್ತಿದ್ದರು, ಇನ್ನೊಬ್ಬರು ಉಳಿದದ್ದನ್ನು ಹೊತ್ತೊಯ್ಯುತ್ತಿದ್ದರು. ಕಿರುಗಾವಲಿನಲ್ಲಿ ಇಂದಿಗೂ ಉಳಿದಿರುವ, ಟಿಪ್ಪುವಿನ ಕಾಲದ್ದೆಂದು ಊರವರು ಹೇಳುವ ಬಡಾ ಬಾಗ್ ಎಂಬ ಹಳೆಯ ಮಾವಿನ ತೋಪು, ಈ ಸೀಮೆಗೂ ಪಟ್ಟಣದ ಅರಮನೆಗೂ ಇದ್ದ ನಂಟನ್ನು ನೆನಪಿಸುತ್ತದೆ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಸೀಮೆಯ ಜನ ಮನೆ ಬಿಟ್ಟು ಕಾಡು ಗುಡ್ಡ ಸೇರಬೇಕಾದ ಹೊತ್ತು ಬಂದಿತ್ತು.

ಹ್ಯಾರಿಸ್ ನೇರ ದಾರಿಯನ್ನು ಬಿಟ್ಟ. ದಂಡನ್ನು ಥಟ್ಟನೆ ದಕ್ಷಿಣಕ್ಕೆ ತಿರುಗಿಸಿ ಸೋಸಲೆಯ ಬಳಿ ಕಾವೇರಿಗೆ ಇಳಿದ. ಮಾರ್ಚ್ 30ರ ಹೊತ್ತಿಗೆ ಭಾರಿ ಫಿರಂಗಿಗಳ ಸಮೇತ ಎಲ್ಲವೂ ಬಲದಂಡೆ ಸೇರಿತ್ತು. ಆ ಕಡೆಯ ಹಳ್ಳಿಗಳಲ್ಲಿ ಮೇವು ಸುಟ್ಟಿರಲಿಲ್ಲ, ದನಗಳೂ ಸಿಕ್ಕವು. ಸಾಯುತ್ತಿದ್ದ ಎತ್ತುಗಳಿಗೆ ಮತ್ತೆ ಜೀವ ಬಂತು. ಮುತ್ತಿಗೆ ಅರ್ಧ ಗೆದ್ದದ್ದು ಇಲ್ಲಿ. ಸುದ್ದಿ ಕೇಳಿದ ಟಿಪ್ಪು ನಡುಗಡ್ಡೆಯ ಪೂರ್ವ ಭಾಗದ ಮೇಲೆ ದಾಳಿಯಾಗಬಹುದೆಂದು ಅಲ್ಲಿ ಸಿದ್ಧನಾದ. ಹ್ಯಾರಿಸ್ ಅದನ್ನೂ ಬಳಸಿಕೊಂಡು ಹೋಗಿ ಏಪ್ರಿಲ್ 5ರಂದು ಕೋಟೆಯ ಪಶ್ಚಿಮಕ್ಕೆ ಎರಡು ಮೈಲಿಯಾಚೆ ಬೀಡುಬಿಟ್ಟ.

ಬೀಡಿಗೂ ಕೋಟೆಗೂ ನಡುವೆ ನೀರಾವರಿ ನಾಲೆ, ಅದರ ಏರಿ, ಸುಲ್ತಾನ್‌ಪೇಟೆಯ ತೋಪು. ಭತ್ತದ ಗದ್ದೆಗೆ ನೀರು ಹರಿಸಲೆಂದು ತೋಡಿದ ನಾಲೆಯೇ ಮೊದಲು ಮೈಸೂರಿನ ಬಾಣಗಾರರಿಗೆ, ಅಂದರೆ ರಾಕೆಟ್ ಹಾರಿಸುವವರಿಗೆ, ಮರೆಯಾಯಿತು, ಆಮೇಲೆ ಇಂಗ್ಲಿಷರಿಗೆ ತೋಡಿಟ್ಟ ಕಂದಕವಾಯಿತು. ಏಪ್ರಿಲ್ 5ರ ರಾತ್ರಿ ವೆಲ್ಲೆಸ್ಲಿ ತೋಪಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಬಾಣ ಬಂದೂಕುಗಳ ಏಟು ತಿಂದು ಚದುರಿದ ಪಡೆಯೊಂದಿಗೆ ಹಿಂದಿರುಗಿದ. ಮರುದಿನ ಬೆಳಕಿನಲ್ಲಿ ಅದೇ ತೋಪು ಅವರ ಕೈವಶವಾಯಿತು. ಏಪ್ರಿಲ್ 14ರಂದು ಸ್ಟುವರ್ಟ್‌ನ ಬೊಂಬಾಯಿ ಸೈನ್ಯ ಬಂದು ಸೇರಿ, ಎರಡು ದಿನದ ಮೇಲೆ ಹೊಳೆಯ ಉತ್ತರ ದಡಕ್ಕೆ ದಾಟಿತು. ಆ ದಡದಲ್ಲಿ ಹೂಡಿದ ಫಿರಂಗಿಗಳು ಕೋಟೆಯ ಪಶ್ಚಿಮ ಗೋಡೆಯನ್ನು ಅದರ ಉದ್ದಕ್ಕೂ ಪಕ್ಕದಿಂದ ಹೊಡೆಯುವಂತಾಯಿತು. ಒಡೆಯಬೇಕಾದ ಜಾಗವೆಂದು ಗೊತ್ತಾದದ್ದು ವಾಯವ್ಯದ ಮೂಲೆಯ ಹತ್ತಿರ. ಅಲ್ಲಿ ಹೊರಗೋಡೆಗೆ ಪಕ್ಕದ ಕೊತ್ತಲಗಳ ಆಸರೆ ಕಡಿಮೆಯಿತ್ತು; ಬೇಸಿಗೆಯ ಹೊಳೆಯನ್ನು ಕೋಟೆಯವರು ದೊಡ್ಡ ಕಾವಲೆಂದು ನಂಬಿದ್ದರು.

ಏಪ್ರಿಲ್ 16 ಮುತ್ತಿಗೆಯ ಅತಿ ಮುಖ್ಯ ದಿನಗಳಲ್ಲಿ ಒಂದು, ಅಂದು ದೊಡ್ಡ ಕಾಳಗವೇನೂ ನಡೆಯದಿದ್ದರೂ. ಆ ದಿನ ಇಂಗ್ಲಿಷರ ಬೀಡಿನಲ್ಲಿ ಅಕ್ಕಿಯ ಚೀಲಗಳನ್ನು ಬಿಚ್ಚಿ ಅಳೆದರು. ಅದಕ್ಕೆ ಮುಂಚಿನ ಲೆಕ್ಕದಂತೆ ತಿಂಗಳಿಗಾಗುವಷ್ಟು ದಾಸ್ತಾನಿರಬೇಕಿತ್ತು. ಅಳೆದಾಗ ಸಿಕ್ಕಿದ್ದು, ಕಾದಾಡುವ ಸೈನಿಕರಿಗೆ ಮಾತ್ರ, ಅದೂ ಅರ್ಧ ಪಡಿಯಂತೆ ಕೊಟ್ಟರೆ ಹದಿನೆಂಟು ದಿನಕ್ಕೆ ಸಾಲುವಷ್ಟು. ಉಳಿದದ್ದು ದಾರಿಯಲ್ಲಿ ಕಳುವಾಗಿತ್ತು, ಸೋರಿತ್ತು, ಸತ್ತ ಎತ್ತಿನೊಂದಿಗೆ ಹೋಗಿತ್ತು. ಹದಿನೆಂಟು ದಿನವೆಂದರೆ ಮೇ ತಿಂಗಳ ಮೊದಲ ವಾರ. ಕಾವೇರಿಪುರದ ಕಣಿವೆಯ ಕಡೆಯಿಂದ ಕರ್ನಲ್ ರೀಡ್ ತರಬೇಕಾದ ದವಸಕ್ಕಾಗಿ ಏಪ್ರಿಲ್ 19ರಂದು ಫ್ಲಾಯ್ಡ್‌ನನ್ನು ಕುದುರೆ ಪಡೆಯೊಂದಿಗೆ ಕಳಿಸಲಾಯಿತು. ತನ್ನ ಡೇರೆಯ ಮುಂದೆ ಕಾವಲು ನಿಂತ ಗೋರಾ ಸೈನಿಕ ಹಸಿವಿನಿಂದ ಎಷ್ಟು ಬಳಲಿದ್ದಾನೆಂದರೆ ಒಬ್ಬ ಸಿಪಾಯಿ ತಳ್ಳಿದರೂ ಬಿದ್ದಾನು ಎಂದು ಹ್ಯಾರಿಸ್ ಹೇಳಿದ್ದು ದಾಖಲಾಗಿದೆ. ಮುತ್ತಿದವರೇ ಹೀಗೆ ಹಸಿವಿನ ಮುತ್ತಿಗೆಯಲ್ಲಿದ್ದರು. ಕೋಟೆಯೊಳಗೆ ಮಾತ್ರ ದವಸಕ್ಕೆ ಅಂಥ ಕೊರತೆಯಿರಲಿಲ್ಲ. ಇನ್ನು ಮೂರು ವಾರ ಗೋಡೆ ನಿಂತಿದ್ದರೆ, 1791ರಲ್ಲಿ ಆದದ್ದೇ ಮತ್ತೆ ಆಗುವ ಸಂಭವ ಬಹಳವಿತ್ತು.

ಈ ಗುಟ್ಟು ಟಿಪ್ಪುವಿಗೆ ಎಷ್ಟು ತಲುಪಿತ್ತೋ, ಅವನು ಮಾತ್ರ ಸಂಧಿಯ ಮಾತೆತ್ತಿದ. ಏಪ್ರಿಲ್ 22ರಂದು ಹ್ಯಾರಿಸ್ ಕಳಿಸಿದ ಷರತ್ತುಗಳು ಇವು: ಉಳಿದ ರಾಜ್ಯದಲ್ಲಿ ಅರ್ಧ, ಎರಡು ಕೋಟಿ ರೂಪಾಯಿ, ನಾಲ್ವರು ಮಕ್ಕಳು ಮತ್ತು ನಾಲ್ವರು ಸರದಾರರು ಒತ್ತೆ. ಒಪ್ಪಿಗೆಗೆ ಒಂದೇ ದಿನದ ಗಡುವು. 1792ರಲ್ಲಿ ಒಮ್ಮೆ ಮಕ್ಕಳನ್ನು ಕಳಿಸಿಕೊಟ್ಟ ತಂದೆ ಈ ಸಲ ಒಪ್ಪಲಿಲ್ಲ. ಏಪ್ರಿಲ್ 28ರಂದು ವಕೀಲರನ್ನು ಕಳಿಸುತ್ತೇನೆಂದ. ಒತ್ತೆಯಾಳುಗಳಿಲ್ಲದೆ ವಕೀಲರು ಬೇಡವೆಂದು ಉತ್ತರ ಬಂತು.

ಏಪ್ರಿಲ್ 20ರಂದು ಮದ್ದಿನ ಕಾರ್ಖಾನೆಯ ಬಳಿಯ ಠಾಣೆ ಬಿದ್ದಿತ್ತು. 26ರ ಸಂಜೆಯಿಂದ 27ರ ಬೆಳಗಿನವರೆಗೆ ದಕ್ಷಿಣ ದಡದ ಕೊನೆಯ ಮೋರ್ಚಾಗಳಿಗಾಗಿ ಕೈ ಕೈ ಮಿಲಾಯಿಸಿದ ಕಾಳಗ ನಡೆಯಿತು. ಇಡೀ ಮುತ್ತಿಗೆಯಲ್ಲಿ ಮೈಸೂರಿನವರು ಅತ್ಯಂತ ಕೆಚ್ಚಿನಿಂದ ಕಾದಿದ್ದು ಇಲ್ಲಿ. ಹಿಡಿದ ಜಾಗ ಮತ್ತೆ ಕಳೆದುಕೊಳ್ಳುವುದು, ಮತ್ತೆ ಹಿಡಿಯುವುದು ಗಂಟೆಗಟ್ಟಲೆ ನಡೆಯಿತು. ಆ ಮೋರ್ಚಾಗಳು ಹೋದ ಮೇಲೆ ಗೋಡೆಗೆ ನಾನೂರು ಗಜದೊಳಗೆ ಫಿರಂಗಿಗಳನ್ನು ಹೂಡಲು ತಡೆಯಿರಲಿಲ್ಲ. ಏಪ್ರಿಲ್ 30ರಂದು ಹೊಡೆತ ಶುರುವಾಯಿತು. ಮೇ 2ರಂದು ಕೋಟೆಯೊಳಗಿನ ಬಾಣಗಳ ಉಗ್ರಾಣ ಸಿಡಿಯಿತು. ಮೇ 3ರ ಸಂಜೆಗೆ ಗೋಡೆ ಕುಸಿದು, ಕಲ್ಲು ಮಣ್ಣಿನ ರಾಶಿ ಹತ್ತಿ ಒಳಗೆ ಹೋಗುವಂತಾಗಿತ್ತು. ಆ ರಾತ್ರಿ ಲಾಲರ್ ಮತ್ತು ಫಾರ್ಕ್ವರ್ ಎಂಬ ಇಬ್ಬರು ಲೆಫ್ಟಿನೆಂಟರು ಹೊಳೆಗಿಳಿದು ನೀರಿನ ಆಳ, ಬಂಡೆಗಳ ಜಾಡು ನೋಡಿಬಂದರು.

ಟಿಪ್ಪು ಅರಮನೆ ಬಿಟ್ಟು ಉತ್ತರದ ಕೋಟೆಯ ಮೇಲೆ, ಕಳಲೆ ದಿಡ್ಡಿಯ ಹತ್ತಿರವೇ ಇರತೊಡಗಿದ್ದ. ಮೇ 4 ಶನಿವಾರ. ದಿನ ಒಳ್ಳೆಯದಲ್ಲವೆಂದು ಜೋಯಿಸರು ಹೇಳಿದಾಗ ಆನೆ, ಎಮ್ಮೆ, ಕಪ್ಪು ಎತ್ತು, ಎಳ್ಳುಗಳನ್ನು ದಾನ ಕೊಟ್ಟ. ಒಡಕಿನ ಬಳಿ ನಿಂತು ಎಚ್ಚರಿಕೆ ಕೊಡುತ್ತಿದ್ದ ಸರದಾರ ಸೈಯದ್ ಗಫ್ಫಾರ್ ಅಂದೇ ಫಿರಂಗಿ ಗುಂಡಿಗೆ ಬಲಿಯಾದ. ಎದುರು ದಡದ ಕಂದಕಗಳಲ್ಲಿ ನಸುಕಿಗೆ ಮುಂಚೆಯೇ ಬಂದು ಅಡಗಿದ್ದ 4,376 ಜನ ಸೈನಿಕರು ಬಿಸಿಲಿನಲ್ಲಿ ಕಾಯುತ್ತಿದ್ದರು. ಊಟ, ವಿಶ್ರಾಂತಿಯ ಹೊತ್ತೆಂದೇ ಮಧ್ಯಾಹ್ನ ಒಂದು ಗಂಟೆಯನ್ನು ಆರಿಸಲಾಗಿತ್ತು. ಮುಂದಾಳು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಕೈಗೆ ಸಿಕ್ಕಿ, ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು.

ಹೊಳೆಯ ಅಗಲ ಅಲ್ಲಿ ಸುಮಾರು 280 ಗಜ. ಕೆಲವೆಡೆ ಪಾದ ಮುಳುಗುವಷ್ಟು ನೀರು, ಕೆಲವೆಡೆ ಎದೆಮಟ್ಟ, ಕಾಲಡಿ ಜಾರುವ ಬಂಡೆ. ಕೋಟೆಯಿಂದ ಗುಂಡು ಬಾಣಗಳು ಸುರಿಯುತ್ತಿದ್ದರೂ ಏಳೆಂಟು ನಿಮಿಷದಲ್ಲಿ ಒಡಕಿನ ನೆತ್ತಿಯ ಮೇಲೆ ಇಂಗ್ಲಿಷರ ಬಾವುಟ ಏರಿತು. ಅಲ್ಲಿಂದ ಒಂದು ತಂಡ ಬಲಕ್ಕೆ, ಒಂದು ಎಡಕ್ಕೆ ಗೋಡೆಯ ಮೇಲೇ ಓಡಿತು. ಎದುರಿಗೆ ಟಿಪ್ಪು ಕಟ್ಟಿಸಿದ್ದ ಒಳಗೋಡೆ, ನಡುವೆ ನೀರು ತುಂಬಿದ ಆಳ ಕಂದಕ. ಹೊರಗಿನಿಂದ ಅದರ ಆಳ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಮುಗಿಯದ ಕಾಮಗಾರಿಯ ಕೆಲಸಗಾರರ ಓಡಾಟಕ್ಕೆಂದು ಬಿಟ್ಟಿದ್ದ ಇಕ್ಕಟ್ಟಾದ ದಾರಿಯೊಂದು ಕಣ್ಣಿಗೆ ಬಿದ್ದು, ಕೆಲವರು ಅದರ ಮೇಲೆ ದಾಟಿ ಒಳಗೋಡೆ ಸೇರಿದರು. ಏಳು ವರ್ಷ ಕಟ್ಟಿದ ಕಾವಲು ಅಲ್ಲಿಗೆ ವ್ಯರ್ಥವಾಯಿತು.

ಎಡಕ್ಕೆ ಹೋದ ತಂಡಕ್ಕೆ ಎದುರಾದವನು ಸ್ವತಃ ಟಿಪ್ಪು. ಊಟಕ್ಕೆ ಕುಳಿತಿದ್ದವನು ಗದ್ದಲ ಕೇಳಿ ಎದ್ದು ಬಂದು, ಗೋಡೆಯ ಒಂದೊಂದು ತಿರುವಿನಲ್ಲೂ ನಿಂತು, ಆಳುಗಳು ತುಂಬಿಕೊಟ್ಟ ಬಂದೂಕುಗಳಿಂದ ಗುಂಡು ಹಾರಿಸುತ್ತ ಹಿಂದೆ ಸರಿದ. ಒಳಗೋಡೆಯ ದಿಡ್ಡಿ ಬಾಗಿಲಿನ ಇಕ್ಕಟ್ಟಿನಲ್ಲಿ ಎರಡೂ ಕಡೆಯಿಂದ ಗುಂಡು ಬಿದ್ದಾಗ ಗಾಯಗೊಂಡು ಅಲ್ಲೇ ಮಡಿದ. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯಡಿಯಿಂದ ಅವನ ದೇಹವನ್ನು ಹೊರತೆಗೆದರು.

ದಿವಾನ ಮೀರ್ ಸಾದಿಕ್ ಸಂಬಳ ಹಂಚುವ ನೆಪದಲ್ಲಿ ಒಡಕಿನ ಬಳಿಯ ಕಾವಲನ್ನು ತೆಗೆಸಿದನೆಂಬ ಮಾತು ನಾಡಿನಲ್ಲಿ ಬೇರೂರಿದೆ. ಅವನು ಅಂದೇ ಮೈಸೂರಿನ ಸಿಪಾಯಿಗಳ ಕೈಯಲ್ಲೇ ಸತ್ತ. ದ್ರೋಹದ ಕಥೆಯನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಸೋಲನ್ನೆಲ್ಲ ಅದರ ಮೇಲೆ ಹೊರಿಸುವುದೂ ಸರಿಯಲ್ಲ. ಒಡಕಿನ ಹಿಂದೆ ಅಡ್ಡಗೋಡೆ ಎಬ್ಬಿಸಿರಲಿಲ್ಲ. ಮದ್ದೂರು ಹೊಳೆಯನ್ನೂ ಸೋಸಲೆಯ ಕಡವನ್ನೂ ಬಿಟ್ಟುಕೊಟ್ಟದ್ದು ಯಾವ ದಿವಾನನೂ ಅಲ್ಲ. ಕೋಟೆ ಗಟ್ಟಿಯಾಗಿತ್ತು, ಕೋಟೆಯ ಹೊರಗಿನ ಐವತ್ತು ಮೈಲಿಯ ಯುದ್ಧ ಕೈತಪ್ಪಿತ್ತು.

ಆ ರಾತ್ರಿ ಊರು ಸೂರೆಯಾಯಿತು. ಮರುದಿನ ಕೋಟೆಯ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ನಾಲ್ವರು ಲೂಟಿಕೋರರನ್ನು ಗಲ್ಲಿಗೇರಿಸಿದ ಮೇಲೆ ಲೂಟಿ ನಿಂತಿತು. ಮೇ 5ರ ಸಂಜೆ ಟಿಪ್ಪುವನ್ನು ಗುಂಬಜ್‌ನಲ್ಲಿ ತಂದೆಯ ಪಕ್ಕ ಮಣ್ಣು ಮಾಡಿದರು. ಅದೇ ಸಂಜೆ ಸಿಡಿಲು ಮಳೆ ಹೊಡೆದು ಬೊಂಬಾಯಿ ಸೈನ್ಯದ ಇಬ್ಬರು ಅಧಿಕಾರಿಗಳು ಸಿಡಿಲಿಗೆ ಸತ್ತರು. ರೀಡ್‌ನ ದವಸ ಬಂದದ್ದು ಕೋಟೆ ಬಿದ್ದ ಮೇಲೆ. ಕೋಟೆಯೊಳಗೆ 900ಕ್ಕೂ ಹೆಚ್ಚು ಫಿರಂಗಿಗಳು ಸಿಕ್ಕವು. ಅವುಗಳಷ್ಟೇ ಬೆಲೆಬಾಳುವ ಇನ್ನೊಂದು ಸೊತ್ತು ಟಿಪ್ಪುವಿನ ಅಮೃತಮಹಲ್ ದನಗಳು. ದೂರದ ನಡಿಗೆಗೆ ಹೆಸರಾದ ಆ ತಳಿಯನ್ನು ಕಂಪನಿ ಸೈನ್ಯ ಮುಂದೆ ತನ್ನ ಫಿರಂಗಿ ಎಳೆಯಲು ಬಳಸಿಕೊಂಡಿತು.

ಜೂನ್ 22ರಂದು ರಾಜ್ಯ ಹಂಚುವ ಒಪ್ಪಂದವಾಗಿ, ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಗದ್ದುಗೆ ಏರಿದರು. ರಾಜಧಾನಿ ಅಲ್ಲಿಗೇ ಹೋಯಿತು, ಪೂರ್ಣಯ್ಯ ದಿವಾನರಾದರು. ಶ್ರೀರಂಗಪಟ್ಟಣದ ನಡುಗಡ್ಡೆಯನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿತು. ಮರುವರ್ಷ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಹೇಳಲಾಗುತ್ತಿದ್ದ ಊರಿನಲ್ಲಿ 32,000ದಷ್ಟು ಜನ ಉಳಿದಿದ್ದಾರೆಂದು ಬರೆದಿಟ್ಟ.